ಹಂಟರ್ ಕಾಲದ 17, ರಫೇಲ್ ಕಾಲದ 17: ಎರಡೂ ಒಂದೇ ಸ್ಕ್ವಾಡ್ರನ್ನಾ?

ಪ್ರಶ್ನೆ: ಸರ್ ನಮಸ್ಕಾರ, ನಮ್ಮದು ಚಳ್ಳಕೆರೆ ಹತ್ರ ಒಂದು ಹಳ್ಳಿ. ನಮ್ಮ ದೊಡ್ಡಪ್ಪ ಏರ್‌ಫೋರ್ಸ್‌ನಲ್ಲಿ ಫಿಟ್ಟರ್ ಆಗಿದ್ರು, ತೀರ್ಕೊಂಡು ಎಂಟು ವರ್ಷ ಆಯ್ತು. ಮೊನ್ನೆ ಅಟ್ಟ ಕ್ಲೀನ್ ಮಾಡುವಾಗ ಅವರ ಕಬ್ಬಿಣದ ಟ್ರಂಕ್ ಸಿಕ್ತು. ಒಳಗೆ 17 ಅಂತ ನಂಬರ್ ಇರೋ ಒಂದು ಬ್ಯಾಡ್ಜು, ಕೆಳಗಡೆ ಹಿಂದೀಲಿ ಏನೋ ಬರೆದೈತೆ, ಜೊತೆಗೆ ಮೂರ್ನಾಲ್ಕು ಪದಕ. ಅವರು ಬದುಕಿದ್ದಾಗ ಯಾವಾಗ್ಲೂ ಹಂಟರ್, ಹಾಸಿಮಾರಾ ಅಂತ ಹೇಳ್ತಿದ್ರು, ನಾವು ಅಷ್ಟು ಕಿವಿಗೆ ಹಾಕ್ಕೊಳ್ಳಲಿಲ್ಲ. ಈಗ ಹುಡುಕಿದ್ರೆ 17 ಅಂದ್ರೆ ಅಂಬಾಲಾದ ರಫೇಲ್ ಸ್ಕ್ವಾಡ್ರನ್ ಅಂತ ಬರುತ್ತೆ, ಇನ್ನೊಂದು ಕಡೆ ಅದನ್ನ 2016ರಲ್ಲೇ ಮುಚ್ಚಿದ್ರು ಅಂತ ಐತೆ. ಹಂಗಾದ್ರೆ ದೊಡ್ಡಪ್ಪ ಇದ್ದಿದ್ದು ಇದೇ ಸ್ಕ್ವಾಡ್ರನ್ನಾ, ಬೇರೆನಾ? ಮುಚ್ಚಿದ್ದು ಮತ್ತೆ ಹೆಂಗೆ ಶುರುವಾಗುತ್ತೆ? 42 ಸ್ಕ್ವಾಡ್ರನ್ ಬೇಕು 29 ಮಾತ್ರ ಐತೆ ಅಂತ ಟೀವೀಲಿ ಹೇಳ್ತಾರಲ್ಲ, ಅದೇನು? ಕೊನೇದು, ನಮ್ಮೂರ ಮೇಲೆ ಹಾರ್ತಾವಲ್ಲ, ಅವು ಏರ್‌ಫೋರ್ಸ್‌ದಾ?

ಉತ್ತರ:

ಮೊದಲು ಒಂದು ಮಾತು, ಅದು ಹಿಂದಿ ಅಲ್ಲ, ಸಂಸ್ಕೃತ. 17ನೇ ಸ್ಕ್ವಾಡ್ರನ್ ಧ್ಯೇಯವಾಕ್ಯ 'ಉದಯಂ ಅಜಸ್ರಂ'. ಸದಾ ಏಳ್ತಾನೇ ಇರೋದು ಅಂತ ಅರ್ಥ. ನಿಮ್ಮ ಪ್ರಶ್ನೆ ಓದಿ ನಾನು ನಕ್ಕಿದ್ದು ಅದಕ್ಕೇ, ಉತ್ತರ ಆ ಬ್ಯಾಡ್ಜ್ ಮೇಲೇ ಬರೆದೈತೆ.

ಹೌದು, ಅದೇ ಸ್ಕ್ವಾಡ್ರನ್. ಗೋಲ್ಡನ್ ಆ್ಯರೋಸ್ ಅಂತ ಅದರ ಹೆಸರು. ಆದ್ರೆ ನಿಮ್ಮ ದೊಡ್ಡಪ್ಪನವರ ಕಾಲದ ಒಂದು ವಿಮಾನನೂ ಈಗ ಅದರಲ್ಲಿಲ್ಲ, ಒಬ್ಬ ಮನುಷ್ಯನೂ ಇಲ್ಲ, ಊರೂ ಬೇರೆ. ಮತ್ತೆ ಅದೇ ಅಂತ ಹೆಂಗೆ ಹೇಳ್ತೀರಿ ಅಂದ್ರೆ, ನಮ್ಮ ದಾವಣಗೆರೆ ಗರಡಿ ಮನೆ ಇಟ್ಕೊಂಡು ಹೇಳ್ತೀನಿ. ಹಳೇ ಪೇಟೆ ಕಡೆ ಗರಡಿಗಳಲ್ಲಿ ಮೂರು ತಲೆಮಾರು ಪೈಲ್ವಾನರು ಬಂದು ಹೋಗಿರ್ತಾರೆ, ಮಟ್ಟಿ ಮಣ್ಣು ಎಷ್ಟು ಸಲ ಬದಲಾಗೈತೋ ಲೆಕ್ಕ ಇಲ್ಲ, ಮಾಡು ಬದಲಾಗಿ ಶೀಟ್ ಹಾಕಿರ್ತಾರೆ, ಆದ್ರೂ ದುಗ್ಗಮ್ಮನ ಜಾತ್ರೆ ಕುಸ್ತೀಲಿ ಹುಡುಗ ಅಖಾಡಕ್ಕೆ ಇಳಿದಾಗ ಮೈಕ್‌ನಲ್ಲಿ ಕೂಗೋದು ಗರಡಿ ಹೆಸರೇ. ಆ ಹುಡುಗ ತಾನು ನೋಡೇ ಇರದ ಯಾವುದೋ ಉಸ್ತಾದರ ಮಾನಕ್ಕೆ ಕುಸ್ತಿ ಹಿಡೀತಾನೆ. ಸ್ಕ್ವಾಡ್ರನ್ನೂ ಹಂಗೇ ರೀ. ಅದು ಒಂದು ನಂಬರು, ಒಂದು ಲಾಂಛನ, ಒಂದು ಧ್ಯೇಯವಾಕ್ಯ, ಮತ್ತೆ ಒಂದು ಡೈರಿ. ಆಪರೇಷನ್ಸ್ ರೆಕಾರ್ಡ್ ಬುಕ್ ಅಂತಾರೆ ಆ ಡೈರಿಗೆ, ಎಲ್ಲಿಗೆ ಹೋದ್ರು, ಎಷ್ಟು ಸಾರ್ಟಿ (ಅಂದ್ರೆ ಒಂದೊಂದು ಹಾರಾಟ) ಹಾರಿದ್ರು, ಯಾರು ವಾಪಸ್ ಬರಲಿಲ್ಲ, ಎಲ್ಲಾ ಬರೀತಾ ಹೋಗ್ತಾರೆ. ಉಳಿದಿದ್ದೆಲ್ಲ ಬದಲಾಗುತ್ತೆ.

ನಾನೂ ಎಂಜಿನ್ ಫಿಟ್ಟರೇ, ಇಪ್ಪತ್ತು ವರ್ಷಕ್ಕೂ ಮೇಲೆ ಮಾಡಿ ರಿಟೈರ್ ಆಗಿ ದಾವಣಗೆರೆಗೆ ಬಂದು ಕೂತವನು. ನನ್ನ ಸ್ಕ್ವಾಡ್ರನ್ ಯಾವುದು ಅನ್ನೋದು ಇಲ್ಲಿ ಬೇಡ, ಹೇಳಿದ್ರೆ ಹಳೇ ದೋಸ್ತುಗಳು ಫೋನ್ ಮಾಡಿ ನೀನು ಹೇಳಿದ್ದು ತಪ್ಪು ನಾನು ಹೇಳಿದ್ದು ಸರಿ ಅಂತ ಜಗಳ ತೆಗೀತಾರೆ.

ಈಗ 17ರ ಕತೆ. ಇದು ಹುಟ್ಟಿದ್ದು 1951ರ ಅಕ್ಟೋಬರ್ 1ಕ್ಕೆ, ಅಂಬಾಲಾದಲ್ಲೇ. ಆಗ ಇದ್ದಿದ್ದು ಹಾರ್ವರ್ಡ್ ವಿಮಾನ, ಮುಂದೆ ಪ್ರೊಪೆಲರ್ ಇರೋದು, ಟ್ರೇನಿಂಗಿಗೆ ಬಳಸೋ ಅಂಥದ್ದು. 1955ರಲ್ಲಿ ವ್ಯಾಂಪೈರ್ ಜೆಟ್ ಬಂತು, 1957ರಲ್ಲಿ ಹಂಟರ್. ಹಂಟರ್ ಬಗ್ಗೆ ಹಳೇ ಫಿಟ್ಟರ್‌ಗಳನ್ನ ಮಾತಾಡಿಸಬಾರದು, ಸಂಜೆವರೆಗೂ ಬಿಡಲ್ಲ. ಅಷ್ಟು ಚೆಂದದ ವಿಮಾನ, ನಾಲ್ಕು 30 ಎಂಎಂ ಗನ್ನುಗಳು ಒಂದೇ ಪ್ಯಾಕ್ ಆಗಿ ಕೆಳಗೆ ಇಳಿಸಬಹುದಿತ್ತು, ಖಾಲಿ ಆದ ಪ್ಯಾಕ್ ಇಳಿಸಿ ತುಂಬಿದ ಪ್ಯಾಕ್ ಏರಿಸಿ ವಿಮಾನನ ನಿಮಿಷಗಳ ಲೆಕ್ಕದಲ್ಲಿ ವಾಪಸ್ ಕಳಿಸೋರು.

ಇಲ್ಲಿ ನಮ್ಮ ಕರ್ನಾಟಕದವರಿಗೇ ಗೊತ್ತಿಲ್ಲದ ಒಂದು ವಿಷಯ ಐತೆ. 1961ರ ಡಿಸೆಂಬರ್‌ನಲ್ಲಿ ಗೋವಾ ಬಿಡುಗಡೆ ಮಾಡಿದ್ರಲ್ಲ, ಆಗ ಇದೇ 17ರ ಹಂಟರ್‌ಗಳು ಬೀಡು ಬಿಟ್ಟಿದ್ದು ಬೆಳಗಾವಿ ಸಾಂಬ್ರಾದಲ್ಲಿ. ಡಿಸೆಂಬರ್ 18ಕ್ಕೆ ಪುಣೆ ಕಡೆಯಿಂದ ಬಂದ ಕ್ಯಾನ್‌ಬೆರಾ ಬಾಂಬರ್‌ಗಳು ದಾಬೋಲಿಂ ರನ್‌ವೇ ಮೇಲೆ ಬಾಂಬ್ ಹಾಕಿದ್ವು, ಸಾಂಬ್ರಾದಿಂದ ಎದ್ದ ಆರು ಹಂಟರ್ ಬಾಂಬೋಲಿಂ ವೈರ್‌ಲೆಸ್ ಸ್ಟೇಷನ್ನಿಗೆ ರಾಕೆಟ್ಟು ಗನ್ನು ಎರಡೂ ಹೊಡೆದು ಅದರ ಬಾಯಿ ಮುಚ್ಚಿಸಿದ್ವು. ಅಲ್ಲಿಗೆ ಗೋವಾಕ್ಕೂ ಲಿಸ್ಬನ್ನಿಗೂ ಇದ್ದ ದಾರಿ ಕಟ್. ಇವತ್ತು ಅದೇ ಸಾಂಬ್ರಾದಲ್ಲಿ ಏರ್‌ಮನ್ ಹುಡುಗರಿಗೆ, ಅಂದ್ರೆ ಆಫೀಸರ್ ಅಲ್ಲದ ನಮ್ಮಂಥವರಿಗೆ, ಬೇಸಿಕ್ ಟ್ರೇನಿಂಗ್ ಕೊಡೋದು. ಏರ್‌ಫೋರ್ಸ್ ಸೇರಿದ ನಮ್ಮ ಕಡೆ ಹುಡುಗರು ಯಾರನ್ನೇ ಕೇಳಿ, ಸಾಂಬ್ರಾ ಪರೇಡ್ ಗ್ರೌಂಡ್ ಬಿಸಿಲು ಮರೆತಿರಲ್ಲ.

ನಿಮ್ಮ ದೊಡ್ಡಪ್ಪ ಹೇಳ್ತಿದ್ದ ಹಾಸಿಮಾರಾ 1971ರದ್ದು. ಉತ್ತರ ಬಂಗಾಳದಲ್ಲಿ, ಭೂತಾನ್ ಬೆಟ್ಟದ ಬುಡದಲ್ಲಿ ಟೀ ತೋಟಗಳ ಮಧ್ಯೆ ಇರೋ ಬೇಸ್ ಅದು. ಆ ಯುದ್ಧದಲ್ಲಿ 17 ಹಂಟರ್ ಇಟ್ಕೊಂಡು ಅಲ್ಲಿಂದಲೇ ಪೂರ್ವ ಪಾಕಿಸ್ತಾನದ ಮೇಲೆ ಹಾರಿದ್ದು. ಮೊದಲ ಎರಡು ಮೂರು ದಿನ ಢಾಕಾದ ತೇಜಗಾಂವ್ ಏರ್‌ಫೀಲ್ಡ್ ಕಡೆ ಪಾಕಿಸ್ತಾನದ ಸೇಬರ್ ಫೈಟರ್ ಜೆಟ್‌ಗಳ ಜೊತೆ ಗುದ್ದಾಟ ನಡೀತು, ಆಮೇಲೆ 28ನೇ ಸ್ಕ್ವಾಡ್ರನ್ನಿನ ಮಿಗ್-21ಗಳು ರನ್‌ವೇ ಮೇಲೇ ಬಾಂಬ್ ಹಾಕಿ ದೊಡ್ಡ ದೊಡ್ಡ ಗುಂಡಿ ತೋಡಿದ ಮೇಲೆ ಪಾಕಿಸ್ತಾನದ ವಿಮಾನ ಅಲ್ಲಿ ಏಳೋ ಹಂಗೇ ಇರಲಿಲ್ಲ. ಅಲ್ಲಿಂದ ಮುಂದೆ ಹಂಟರ್‌ಗಳ ಕೆಲಸ ಅಂದ್ರೆ ಕೆಳಗೆ ಮುನ್ನುಗ್ತಿದ್ದ ನಮ್ಮ ಆರ್ಮಿಗೆ ಸಪೋರ್ಟ್ ಮಾಡೋದು. ದೊಡ್ಡಪ್ಪನಂಥ ಫಿಟ್ಟರ್‌ಗಳು ಆ ಎರಡು ವಾರ ಏನು ಮಾಡಿರ್ತಾರೆ ಅಂದ್ರೆ, ಬೆಳಗಿನ ಜಾವ ಎದ್ದು ವಿಮಾನ ರೆಡಿ ಮಾಡಿ ಸಹಿ ಹಾಕಿ ಕಳಿಸೋದು, ವಾಪಸ್ ಬಂದಿದ್ದರ ರೆಕ್ಕೆ ಹೊಟ್ಟೆ ಎಲ್ಲ ಕೈಯಲ್ಲಿ ಸವರಿ ಗುಂಡಿನ ತೂತು ಹುಡುಕೋದು, ಎಣ್ಣೆ ಹಾಕಿ ಗನ್ ಪ್ಯಾಕ್ ಬದಲಿಸಿ ಮತ್ತೆ ಕಳಿಸೋದು, ಹೋದವು ಎಷ್ಟು ಬಂದವು ಎಷ್ಟು ಅಂತ ಆಕಾಶ ನೋಡ್ಕೊಂಡು ಎಣಿಸೋದು. ಈ ಎಣಿಸೋ ಕೆಲಸ ಯಾವ ಡ್ಯೂಟಿ ಚಾರ್ಟ್‌ನಲ್ಲೂ ಇರಲ್ಲ, ಆದ್ರೆ ಮಾಡದೇ ಇರೋ ಫಿಟ್ಟರ್ ಒಬ್ಬನೂ ಇಲ್ಲ.

1975ರಲ್ಲಿ ಹಂಟರ್ ಹೋಗಿ ಮಿಗ್-21 ಬಂತು. 1999ರ ಕಾರ್ಗಿಲ್ ಹೊತ್ತಿಗೆ 17 ಇದ್ದಿದ್ದು ಪಂಜಾಬಿನ ಬಠಿಂಡಾ ಹತ್ರ ಭಿಸಿಯಾನಾದಲ್ಲಿ, ಸಿಒ, ಅಂದ್ರೆ ಕಮಾಂಡಿಂಗ್ ಆಫೀಸರ್ ಆಗಿದ್ದವರು ವಿಂಗ್ ಕಮಾಂಡರ್ ಬಿ.ಎಸ್. ಧನೋವಾ. ಮೇ 27ಕ್ಕೆ ನಮ್ಮ ಪೈಲಟ್ ನಚಿಕೇತ ಅವರ ಮಿಗ್-27 ಎಂಜಿನ್ ಆರಿಹೋಗಿ ಅವರು ಪ್ಯಾರಾಚೂಟ್‌ನಲ್ಲಿ ಇಳಿದ್ರು. ಆ ಜಾಗ ಗುರುತಿಸೋಕೆ ಅಂತ ಅಪಾಯ ಗೊತ್ತಿದ್ದೂ ಅಲ್ಲೇ ಸುತ್ತು ಹಾಕಿದವರು 17ರ ಸ್ಕ್ವಾಡ್ರನ್ ಲೀಡರ್ ಅಜಯ್ ಅಹುಜಾ. ಅಹುಜಾ ಅವರ ವಿಮಾನಕ್ಕೆ ಮಿಸೈಲ್ ಬಿತ್ತು, ಜೀವಂತ ವಾಪಸ್ ಬರಲಿಲ್ಲ. ಮರಣೋತ್ತರ ವೀರ ಚಕ್ರ.

ಅದಾದ ಮೇಲೆ ಮಿಗ್‌ಗಳಿಗೆ ವಯಸ್ಸಾಯ್ತು, 2016ರಲ್ಲಿ 17ನ್ನ ನಂಬರ್ ಪ್ಲೇಟ್ ಮಾಡಿದ್ರು. ನೀವು ಓದಿದ 'ಮುಚ್ಚಿದ್ರು' ಅನ್ನೋದು ಇದೇ, ಆದ್ರೆ ಏರ್‌ಫೋರ್ಸ್‌ನಲ್ಲಿ ಯಾರೂ ಮುಚ್ಚಿದ್ರು ಅನ್ನಲ್ಲ. ನಂಬರ್ ಪ್ಲೇಟ್ ಅಂದ್ರೆ ಗಾಡಿ ನಂಬರ್ ಪ್ಲೇಟ್ ಅಲ್ಲ ಮತ್ತೆ. ವಿಮಾನ ಇಲ್ಲ, ಜನ ಇಲ್ಲ, ಬರೀ ನಂಬರ್ ಮಾತ್ರ ಕಾಗದದ ಮೇಲೆ ಜೀವ ಇಟ್ಕೊಂಡಿರುತ್ತೆ ಅಂತ. ಪೈಲಟ್‌ಗಳು, ಏರ್‌ಮನ್‌ಗಳು ಬೇರೆ ಬೇರೆ ಯೂನಿಟ್‌ಗೆ ಪೋಸ್ಟಿಂಗ್ ಹೋಗ್ತಾರೆ, ಟ್ರೋಫಿ, ಬೆಳ್ಳಿ ಸಾಮಾನು, ಫೋಟೋ, ಆ ಡೈರಿಗಳು ಎಲ್ಲಾ ಪ್ಯಾಕ್ ಆಗಿ ಜೋಪಾನವಾಗಿ ಒಂದು ಕಡೆ ಸೇರ್ತಾವೆ. ನಾನು ಒಂದು ಸಲ ಇಂಥ ಪ್ಯಾಕಿಂಗ್‌ನಲ್ಲಿ ಇದ್ದೆ. ಮದುವೆ ಮನೆ ಖಾಲಿ ಮಾಡಿದಂಗೆ ಇರುತ್ತೆ. ಕ್ರೂ ರೂಮಿನ ಗೋಡೆ ಮೇಲೆ ಫೋಟೋ ತೆಗೆದ ಜಾಗ ಮಾತ್ರ ಬೆಳ್ಳಗೆ ಚೌಕ ಚೌಕ ಉಳಿದಿತ್ತು, ಒಬ್ಬ ವಾರಂಟ್ ಆಫೀಸರ್ ಪ್ರತಿ ಕಪ್ಪನ್ನೂ ಹಳೇ ಪೇಪರ್‌ನಲ್ಲಿ ಸುತ್ತಿ ಲಿಸ್ಟಿಗೆ ಟಿಕ್ ಹಾಕ್ತಿದ್ರು, ಯಾರೂ ಜಾಸ್ತಿ ಮಾತಾಡಲಿಲ್ಲ.

ಮುಂದೆ ಹೊಸ ವಿಮಾನ ಬಂದಾಗ ಹೊಸ ನಂಬರ್ ಹುಟ್ಟಿಸೋ ಬದಲು ಮಲಗಿರೋ ಹಳೇ ನಂಬರನ್ನ ಎಬ್ಬಿಸ್ತಾರೆ. ಹಂಗೆ 2019ರ ಸೆಪ್ಟೆಂಬರ್ 10ಕ್ಕೆ 17ನ್ನ ಎಬ್ಬಿಸಿದ್ರು. ಎಬ್ಬಿಸಿದ್ದು ಎಲ್ಲಿ? ಹುಟ್ಟಿದ ಅಂಬಾಲಾದಲ್ಲೇ. ಎಬ್ಬಿಸಿದ ಏರ್‌ಫೋರ್ಸ್ ಚೀಫ್ ಯಾರು? ಕಾರ್ಗಿಲ್‌ನಲ್ಲಿ ಅದರ ಸಿಒ ಆಗಿದ್ದ ಅದೇ ಧನೋವಾ, ರಿಟೈರ್ ಆಗೋಕೆ ಇಪ್ಪತ್ತು ದಿನ ಬಾಕಿ ಇತ್ತು. ತನ್ನ ಗರಡಿ ಬಾಗಿಲು ತಾನೇ ತೆಗೆದು ಹೋದ್ರು ಅನ್ನಿ. 2020ರ ಜುಲೈ 29ಕ್ಕೆ ಮೊದಲ ಐದು ರಫೇಲ್ ಫ್ರಾನ್ಸಿಂದ ಬಂದು ಇಳಿದ್ವು. ಇನ್ನೊಂದು ತಮಾಷೆ ಕೇಳಿ, ಒಟ್ಟು 36 ರಫೇಲ್ ಎರಡು ಸ್ಕ್ವಾಡ್ರನ್‌ಗೆ ಹಂಚಿದ್ದು, ಎರಡನೇದು 101, ಅದು ಈಗ ಇರೋದು ನಿಮ್ಮ ದೊಡ್ಡಪ್ಪನವರ ಹಾಸಿಮಾರಾದಲ್ಲಿ. ನಂಬರ್ ಒಂದು ಕಡೆ, ಊರು ಇನ್ನೊಂದು ಕಡೆ, ಎರಡಕ್ಕೂ ರಫೇಲೇ.

ನಂಬರ್ ಆಟ ಇಷ್ಟಕ್ಕೇ ನಿಲ್ಲಲ್ಲ. ಎಲ್ಲದಕ್ಕಿಂತ ಹಿರಿಯ 1ನೇ ಸ್ಕ್ವಾಡ್ರನ್ ತಗೊಳ್ಳಿ, ಟೈಗರ್ಸ್ ಅಂತಾರೆ. 1933ರ ಏಪ್ರಿಲ್ 1ಕ್ಕೆ ಕರಾಚಿಯ ಡ್ರಿಗ್ ರೋಡ್‌ನಲ್ಲಿ ನಾಲ್ಕು ವಾಪಿಟಿ ವಿಮಾನ, ಬೆರಳೆಣಿಕೆ ಆಫೀಸರ್‌ಗಳು, 19 ಹವಾಯಿ ಸಿಪಾಯಿಗಳ (ಆಗ ಏರ್‌ಮನ್‌ಗಳಿಗೆ ಹಂಗೆ ಅಂತಿದ್ರು) ಜೊತೆ ಶುರುವಾಗಿದ್ದು. ಇವತ್ತಿನ ಇಷ್ಟು ದೊಡ್ಡ ಏರ್‌ಫೋರ್ಸ್ ಅವತ್ತು ಅಷ್ಟೇ. ವಿಭಜನೆ ಆದಾಗ ಅದರ ವಿಮಾನ ಸಾಮಾನೆಲ್ಲ ಪಾಕಿಸ್ತಾನದ ಪಾಲಾಯ್ತು, ನಂಬರ್ ನಮ್ಮ ಹತ್ರ ಉಳೀತು. ಬರೀ ನಂಬರ್ ಇಟ್ಕೊಂಡು ಏನು ಮಾಡೋದು? 1953ರಲ್ಲಿ ಚೆನ್ನಾಗಿ ನಡೀತಿದ್ದ 15ನೇ ಸ್ಕ್ವಾಡ್ರನ್ನಿನ ಬೋರ್ಡ್ ಬದಲಿಸಿ ಇನ್ಮೇಲೆ ನೀವೇ 1 ಅಂದ್ರು. 15 ಮಲಗಿತು, ಮುಂದೆ ಅದನ್ನೂ ಎಬ್ಬಿಸಿದ್ರು. ಇದು ಮೋಸ ಅಲ್ವಾ ಅಂತ ನನ್ನ ಮೊಮ್ಮಗ ಕೇಳಿದ್ದ. ಹುಡುಗನ ಪ್ರಶ್ನೆ ನ್ಯಾಯವಾಗೇ ಐತೆ. ಆದ್ರೆ ನಮ್ಮಲ್ಲಿ ದತ್ತು ತಗೊಂಡ ಮಗ ಮನೆತನದ ಹೆಸರು ಹೊತ್ಕೊಂಡು ಹೋಗಲ್ವಾ, ಹಂಗೆ ಅಂತ ಹೇಳಿ ಬಾಯಿ ಮುಚ್ಚಿಸಿದೆ.

ಆ ದತ್ತು ಮಗ ಹೆಸರು ಉಳಿಸಿದ್ದಂತೂ ಹೌದು. 1965ರ ಸೆಪ್ಟೆಂಬರ್ 7ಕ್ಕೆ ಆದಂಪುರದಿಂದ 1ನೇ ಸ್ಕ್ವಾಡ್ರನ್ನಿನ ಹನ್ನೆರಡು ಮಿಸ್ಟೇರ್ ಫೈಟರ್‌ಗಳು ಪಾಕಿಸ್ತಾನದ ಸರ್ಗೋಧಾ ಏರ್‌ಬೇಸ್ ಮೇಲೆ ಹೊರಟವು. ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವತ್ತು ರಿಸರ್ವ್, ಯಾರದಾದ್ರೂ ವಿಮಾನ ಕೈ ಕೊಟ್ಟರೆ ಮಾತ್ರ ಇವರು ಹೋಗಬೇಕು. ಹೋದ್ರು, ವಾಪಸ್ ಬರಲಿಲ್ಲ. ಏನಾಯ್ತು ಅಂತ ನಮ್ಮವರಿಗೆ ವರ್ಷಗಟ್ಟಲೆ ಗೊತ್ತೇ ಆಗಲಿಲ್ಲ, ಕಾಣೆ ಅಂತ ಬರ್ಕೊಂಡಿದ್ರು. ಆಮೇಲೆ ಒಬ್ಬ ಬ್ರಿಟಿಷ್ ಲೇಖಕ ಪಾಕಿಸ್ತಾನ ಏರ್‌ಫೋರ್ಸ್ ಬಗ್ಗೆ ಪುಸ್ತಕ ಬರೆದಾಗ ಎಳೆ ಸಿಕ್ತು. ಅವತ್ತು ಅವರ ಸ್ಟಾರ್‌ಫೈಟರ್ ಒಂದು ಮಿಸ್ಟೇರನ್ನ ಅಟ್ಟಿಸ್ಕೊಂಡು ಹೋಗಿ ಹೊಡೆದಿತ್ತು, ಹೊಡೆತ ತಿಂದ ಮಿಸ್ಟೇರ್ ಓಡಿ ಹೋಗಲಿಲ್ಲ, ತಿರುಗಿ ನಿಂತು ಗನ್ನಲ್ಲೇ ಸ್ಟಾರ್‌ಫೈಟರ್‌ನ ಉರುಳಿಸಿತ್ತು. ಸ್ಟಾರ್‌ಫೈಟರ್ ಅಂದ್ರೆ ಶಬ್ದದ ಎರಡು ಪಟ್ಟು ವೇಗ, ಮಿಸ್ಟೇರ್ ನೇರವಾಗಿ ಹಾರುವಾಗ ಶಬ್ದದ ವೇಗನೂ ದಾಟಲ್ಲ. ಎತ್ತಿನ ಗಾಡಿ ಬುಲೆಟ್ ಬೈಕಿಗೆ ಗುದ್ದಿ ಬೀಳಿಸಿದಂಗೆ. ಪಾಕಿಸ್ತಾನಿ ಪೈಲಟ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದ, ದೇವಯ್ಯ ಅಲ್ಲೇ ಮಣ್ಣಾದ್ರು. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ, ಇಪ್ಪತ್ಮೂರು ವರ್ಷ ತಡವಾಗಿ. ಅದಕ್ಕೇ ನಾನು ಅಂದಿದ್ದು ಆ ಡೈರಿ ಮುಖ್ಯ ಅಂತ. ಒಂದು ಸಾಲು ಖಾಲಿ ಉಳಿದ್ರೆ ತುಂಬೋಕೆ ಇಪ್ಪತ್ಮೂರು ವರ್ಷ ಬೇಕಾಗುತ್ತೆ.

ಡೈರಿಯಲ್ಲಿ ಬರೀ ಗೆದ್ದಿದ್ದೇ ಇರಲ್ಲ. ಈಗ ತೇಜಸ್ ಹಾರಿಸೋ 45ನೇ ಸ್ಕ್ವಾಡ್ರನ್ ಐತಲ್ಲ, ಫ್ಲೈಯಿಂಗ್ ಡ್ಯಾಗರ್ಸ್, ಅದು 1965ರ ಸೆಪ್ಟೆಂಬರ್ 1ಕ್ಕೆ ಜಮ್ಮು ಕಡೆಯ ಛಾಂಬ್‌ನಲ್ಲಿ ಮುದುಕಾದ ವ್ಯಾಂಪೈರ್ ಇಟ್ಕೊಂಡು ಸೇಬರ್‌ಗಳ ಬಾಯಿಗೆ ಹೋಗಿ ಒಂದೇ ಸಂಜೆ ನಾಲ್ಕು ವಿಮಾನ ಕಳ್ಕೊಂಡಿತು. ಅಲ್ಲಿಗೆ ವ್ಯಾಂಪೈರ್‌ಗಳನ್ನ ಮುಂಚೂಣಿಯಿಂದ ವಾಪಸ್ ಕರೆಸಿದ್ರು. ಆ ನಂಬರನ್ನ ಮರೆಯೋಣ ಅಂತ ಯಾರೂ ಅನ್ನಲಿಲ್ಲ. ಆಮೇಲೆ ಮಿಗ್ ಹಾರಿಸಿತು, 2002ರಲ್ಲಿ ಮಲಗಿತು, 2016ರ ಜುಲೈ 1ಕ್ಕೆ ಬೆಂಗಳೂರಲ್ಲಿ ಎರಡೇ ಎರಡು ತೇಜಸ್ ಇಟ್ಕೊಂಡು ಎದ್ದಿತು, 2018ರಲ್ಲಿ ಕೊಯಮತ್ತೂರು ಹತ್ರ ಸೂಲೂರಿಗೆ ಶಿಫ್ಟ್ ಆಯ್ತು. ಎರಡನೇ ತೇಜಸ್ ಸ್ಕ್ವಾಡ್ರನ್ 18, ಫ್ಲೈಯಿಂಗ್ ಬುಲೆಟ್ಸ್. ಅದು ನಿರ್ಮಲ್‌ಜಿತ್ ಸಿಂಗ್ ಸೇಖೋನ್ ಅವರದ್ದು, 1971ರ ಡಿಸೆಂಬರ್ 14ಕ್ಕೆ ಶ್ರೀನಗರದಲ್ಲಿ ರನ್‌ವೇ ಮೇಲೆ ಬಾಂಬ್ ಬೀಳ್ತಿರುವಾಗಲೇ ನ್ಯಾಟ್ ಅನ್ನೋ ಫೈಟರ್ ಎಬ್ಬಿಸ್ಕೊಂಡು ಹೋದವರು. ಏರ್‌ಫೋರ್ಸಿಗೆ ಇರೋದು ಅದೊಂದೇ ಪರಮವೀರ ಚಕ್ರ.

ಎಲ್ಲರೂ ಫೈಟರ್ ಬಗ್ಗೆನೇ ಕೇಳ್ತಾರೆ, ನನಗೆ ಇದೊಂದು ಬೇಜಾರು. ಸ್ಕ್ವಾಡ್ರನ್ ಅಂದ್ರೆ ಬರೀ ಬಾಂಬ್ ಹಾಕೋರಲ್ಲ. 1947ರ ಅಕ್ಟೋಬರ್ 27ಕ್ಕೆ ಶ್ರೀನಗರಕ್ಕೆ ಸಿಖ್ ರೆಜಿಮೆಂಟ್ ಜವಾನರನ್ನ ಹೊತ್ಕೊಂಡು ಹೋದ ಏರ್‌ಫೋರ್ಸ್ ಡಕೋಟಾ ಸಾಗಣೆ ವಿಮಾನಗಳು 12ನೇ ಸ್ಕ್ವಾಡ್ರನ್ನಿನವು, ಅವು ಅವತ್ತು ಹೋಗದಿದ್ರೆ ಕಾಶ್ಮೀರದ ಮ್ಯಾಪೇ ಬೇರೆ ಇರ್ತಿತ್ತು. 44ನೇದು ಸಾಮಾನು ಸಾಗಿಸೋ ಸ್ಕ್ವಾಡ್ರನ್, ಆದ್ರೆ 1971ರಲ್ಲಿ ಅವರ ಆನ್-12 ವಿಮಾನಗಳ ಹಿಂದಿನ ಬಾಗಿಲು ತೆಗೆದು, ಅಕ್ಕಿ ಮೂಟೆ ಉರುಳಿಸಿದಂಗೆ ಬಾಂಬ್ ಉರುಳಿಸಿದ್ರು. ಲಾಹೋರ್ ಕಡೆ ಛಾಂಗಾ ಮಾಂಗಾ ಕಾಡಿನಲ್ಲಿದ್ದ ಮದ್ದುಗುಂಡಿನ ಡಂಪ್‌ಗೆ ಹೊಡೆದಿದ್ದು ಹಿಂಗೇ. ಅದೇ 44 ಮುಂದೆ ಐಎಲ್-76 ತಗೊಂಡು 1988ರ ನವೆಂಬರ್ 3ರ ರಾತ್ರಿ ಆಗ್ರಾದಿಂದ ನೇರ ಮಾಲ್ಡೀವ್ಸ್‌ಗೆ ಪ್ಯಾರಾಟ್ರೂಪರ್‌ಗಳನ್ನ ಇಳಿಸಿತು, ಕತ್ತಲಲ್ಲಿ, ಸಮುದ್ರದ ಮಧ್ಯೆ ಒಂದು ಪಟ್ಟಿಯಂಥ ರನ್‌ವೇ ಮೇಲೆ. ಇನ್ನು ಲೇಹ್‌ನ 114ನೇ ಹೆಲಿಕಾಪ್ಟರ್ ಯೂನಿಟ್, ಸಿಯಾಚಿನ್ ಪಯನಿಯರ್ಸ್. ಚೀತಾ ಅನ್ನೋ ಚಿಕ್ಕ ಹೆಲಿಕಾಪ್ಟರ್, ಗಾಳಿನೇ ತೆಳುವಾಗಿರೋ ಎತ್ತರ, ಒಂದೊಂದು ಸಲಕ್ಕೆ ಸ್ವಲ್ಪ ಸ್ವಲ್ಪವೇ ಸೀಮೆಎಣ್ಣೆ ಹೊತ್ಕೊಂಡು ಹೋಗಿ ವಾಪಸ್ ಬರುವಾಗ ಕಾಲು ಹಿಮಕ್ಕೆ ಕೊಳೆತ ಜವಾನನ್ನ ಕರ್ಕೊಂಡು ಬರೋದು. 1984ರಿಂದ ಇದೇ ಕೆಲಸ. ಟೀವಿಯವರು ಅಲ್ಲಿಗೆ ಹೋಗೋದು ವರ್ಷಕ್ಕೊಂದು ಸಲ.

ಆಕಾಶದಲ್ಲಿ ಕಸರತ್ತು ತೋರಿಸೋ ನಮ್ಮ ಬೀದರ್ ಸೂರ್ಯಕಿರಣ್ ತಂಡನೂ ಲೆಕ್ಕಕ್ಕೆ ಒಂದು ಸ್ಕ್ವಾಡ್ರನ್ನೇ, 52, ಶಾರ್ಕ್ಸ್. 1996ರಲ್ಲಿ ಬೀದರ್‌ನಲ್ಲೇ ಶುರುವಾಗಿದ್ದು.

ಈಗ 42 ಮತ್ತೆ 29. ಒಂದು ಫೈಟರ್ ಸ್ಕ್ವಾಡ್ರನ್ ಅಂದ್ರೆ ಸಾಮಾನ್ಯವಾಗಿ 16 ಯುದ್ಧ ವಿಮಾನ, 2 ಟ್ರೇನರ್, ಒಟ್ಟು 18. ಅದಕ್ಕೆ ಸೀಟಿಗೊಬ್ಬರಿಗಿಂತ ಜಾಸ್ತಿ ಪೈಲಟ್‌ಗಳು, ನಮ್ಮಂಥ ಏರ್‌ಮನ್‌ಗಳು ನೂರಾರು ಜನ. ಎಂಜಿನ್, ಏರ್‌ಫ್ರೇಮ್, ಎಲೆಕ್ಟ್ರಿಕಲ್, ರೇಡಿಯೋ, ಆರ್ಮಮೆಂಟ್ ಅಂತ ಒಂದೊಂದು ಟ್ರೇಡು. ವಿಮಾನದ ಕಾಯಿಲೆ ಎಲ್ಲಾ ಫಾರ್ಮ್ 700 ಅನ್ನೋ ಪುಸ್ತಕದಲ್ಲಿ ಬರೀತಾರೆ, ಅದರಲ್ಲಿ ಫಿಟ್ಟರ್ ಸಹಿ ಇಲ್ದೆ ಚೀಫ್ ಬಂದ್ರೂ ವಿಮಾನ ಏಳಲ್ಲ. ಸರ್ಕಾರ ಮಂಜೂರು ಮಾಡಿರೋ ಸಂಖ್ಯೆ 42 ಫೈಟರ್ ಸ್ಕ್ವಾಡ್ರನ್, ಪಾಕಿಸ್ತಾನ ಚೀನಾ ಎರಡೂ ಕಡೆ ಒಟ್ಟಿಗೆ ನೋಡ್ಕೊಳ್ಳೋಕೆ ಅಂತ ಹಾಕಿದ ಲೆಕ್ಕ. 2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಕೊನೇ ಮಿಗ್-21ಗಳನ್ನ ಬೀಳ್ಕೊಟ್ಟ ಮೇಲೆ ಉಳಿದಿದ್ದು 29. ಅವತ್ತು ಕೊನೆಗೆ ಇಳಿದವು 3 ಮತ್ತೆ 23ನೇ ಸ್ಕ್ವಾಡ್ರನ್‌ಗಳವು. ಈ 23 ಯಾರು ಗೊತ್ತಾ? 1965ರಲ್ಲಿ ಪುಟ್ಟ ನ್ಯಾಟ್ ವಿಮಾನದಲ್ಲಿ ಟ್ರೆವರ್ ಕೀಲರ್ ಸೇಬರ್ ಹೊಡೆದ್ರಲ್ಲ, ಅದೇ ಸ್ಕ್ವಾಡ್ರನ್. ಅದಕ್ಕೂ ಮುಂಚೆ 2022ರ ಸೆಪ್ಟೆಂಬರ್ 30ಕ್ಕೆ ಶ್ರೀನಗರದ 51 ಮಲಗಿತ್ತು, ಅಭಿನಂದನ್ ಅವರ ಸ್ಕ್ವಾಡ್ರನ್.

ಒಂದು ರಫೇಲ್ ನಾಲ್ಕು ಮಿಗ್‌ಗೆ ಸಮ, ನಂಬರ್ ಕಮ್ಮಿ ಆದ್ರೆ ಏನು ಅಂತ ಕೆಲವರು ವಾದ ಮಾಡ್ತಾರೆ. ಅರ್ಧ ಸರಿ. ಪೈಲ್ವಾನ ಎಷ್ಟೇ ಗಟ್ಟಿ ಇರಲಿ, ಒಂದೇ ಹೊತ್ತಿಗೆ ಎರಡು ಅಖಾಡದಲ್ಲಿ ಕುಸ್ತಿ ಹಿಡಿಯೋಕಾಗಲ್ಲ ಅಲ್ವಾ. ಜೊತೆಗೆ 18ರಲ್ಲಿ 18ನೂ ಯಾವತ್ತೂ ಹಾರೋ ಸ್ಥಿತೀಲಿ ಇರಲ್ಲ, ಒಂದಷ್ಟು ಸರ್ವಿಸಿಂಗ್‌ನಲ್ಲಿ, ಒಂದೆರಡು ಸ್ಪೇರ್ ಪಾರ್ಟ್‌ಗೆ ಕಾಯ್ತಾ ಹ್ಯಾಂಗರ್ ಮೂಲೇಲಿ ಇದ್ದೇ ಇರ್ತಾವೆ, ಇದನ್ನ ನಮ್ಮ ಕೈ ಮಸಿ ಆಗಿರೋದಕ್ಕೇ ಹೇಳ್ತಿರೋದು. 2021ರಲ್ಲಿ 83, 2025ರಲ್ಲಿ ಇನ್ನೂ 97 ತೇಜಸ್ ಮಾರ್ಕ್-1ಎ ಆರ್ಡರ್ ಕೊಟ್ಟಿದ್ದಾರೆ. ಅಮೆರಿಕದಿಂದ ಎಂಜಿನ್ ಬರೋದು ತಡ ಆಗಿ ಡೆಲಿವರಿ ಹಿಂದೆ ಬಿದ್ದೈತೆ. ಅವು ಬಂದಂಗೆ ಮಲಗಿರೋ ನಂಬರ್‌ಗಳು ಒಂದೊಂದೇ ಏಳಬೇಕು.

ನಿಮ್ಮೂರ ಮೇಲೆ ಹಾರೋದು ಏರ್‌ಫೋರ್ಸ್ ಸ್ಕ್ವಾಡ್ರನ್ ಅಲ್ಲ. ಅದು ಕುದಾಪುರ ಹತ್ರ ಇರೋ ಡಿಆರ್‌ಡಿಒ (ರಕ್ಷಣಾ ಸಂಶೋಧನಾ ಸಂಸ್ಥೆ) ಟೆಸ್ಟ್ ರೇಂಜ್‌ದು, ಆ ರೇಂಜ್ 2017ರ ಮೇ ತಿಂಗಳಲ್ಲಿ ಉದ್ಘಾಟನೆ ಆಗಿದ್ದು. ಪೈಲಟ್ ಇಲ್ದೆ ಹಾರೋ ವಿಮಾನಗಳನ್ನ ಅಲ್ಲಿ ಟೆಸ್ಟ್ ಮಾಡ್ತಾರೆ. 2019ರಲ್ಲಿ ಜೋಡಿಚಿಕ್ಕೇನಹಳ್ಳಿ ಹತ್ರ ಒಂದು, 2023ರಲ್ಲಿ ಹಿರಿಯೂರು ತಾಲೂಕು ವದ್ದಿಕೆರೆ ಹತ್ರ ಒಂದು ಬಿದ್ದಾಗ ಹೊಲದ ತುಂಬಾ ಜನ ಮೊಬೈಲ್ ಹಿಡ್ಕೊಂಡು ನಿಂತಿದ್ದು ನಿಮಗೂ ನೆನಪಿರಬಹುದು. ಟೆಸ್ಟ್ ಅಂದ ಮೇಲೆ ಬೀಳ್ತಾವೆ, ಬೀಳಲಿ ಅಂತಾನೇ ಊರಿಂದ ದೂರ ಕಾವಲು ಭೂಮೀಲಿ ಮಾಡೋದು. ಏರ್‌ಫೋರ್ಸ್ ಬರೋದು ಒಮ್ಮೊಮ್ಮೆ ನೆಂಟರಂಗೆ. 2023ರ ಏಪ್ರಿಲ್ 2ಕ್ಕೆ ಇಸ್ರೋದ ರೆಕ್ಕೆ ಇರೋ ಮರುಬಳಕೆ ವಾಹನನ ಏರ್‌ಫೋರ್ಸ್ ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಹೊತ್ತು ಬಿಟ್ಟಿತು, ಅದು ತಾನೇ ದಾರಿ ಹುಡ್ಕೊಂಡು ರನ್‌ವೇಗೆ ಇಳೀತು. ಎರಡು ರೋಟರ್ ಇರೋ ದಪ್ಪ ಹೆಲಿಕಾಪ್ಟರ್ ನೀವೇನಾದ್ರೂ ನೋಡಿದ್ರೆ ಅದೇ.

ಕೊನೆಗೆ ಟ್ರಂಕ್ ವಿಷಯ. ಪದಕಗಳನ್ನ ಒಂದೊಂದೇ ಹೊರಗಿಟ್ಟು ನೋಡಿ. ನಕ್ಷತ್ರದ ಆಕಾರದ್ದು ಇದ್ದು ಅದರಲ್ಲಿ ಪೂರ್ವಿ ಸ್ಟಾರ್ ಅಂತ ಇದ್ರೆ ದೊಡ್ಡಪ್ಪ 1971ರಲ್ಲಿ ಪೂರ್ವದ ಕಡೆ ಯುದ್ಧದಲ್ಲಿ ಇದ್ದಿದ್ದು ಗ್ಯಾರಂಟಿ, ಹಾಸಿಮಾರಾ ಮಾತಿಗೂ ತಾಳೆ ಆಗುತ್ತೆ. ಪಶ್ಚಿಮಿ ಸ್ಟಾರ್ ಇದ್ರೆ ಆಗ ಅವರು ಪಶ್ಚಿಮದ ಕಡೆ ಬೇರೆ ಯೂನಿಟ್‌ನಲ್ಲಿದ್ದು ಹಾಸಿಮಾರಾಗೆ ಆಮೇಲೆ ಹೋಗಿರಬೇಕು. ಸಂಗ್ರಾಮ್ ಮೆಡಲ್ ಮಾತ್ರ ಇದ್ರೆ ಆ ಹೊತ್ತಲ್ಲಿ ಸರ್ವೀಸಲ್ಲಿ ಇದ್ರು ಅಂತ ಗೊತ್ತಾಗುತ್ತೆ, ಎಲ್ಲಿದ್ರು ಅಂತ ಅದರಿಂದ ಹೇಳೋಕಾಗಲ್ಲ. ಪದಕದ ಅಂಚಲ್ಲೋ ಹಿಂದೆಯೋ ಸಣ್ಣಕ್ಕೆ ನಂಬರ್ ಹೆಸರು ಕೊರೆದಿರ್ತಾರೆ, ಆ ಸರ್ವಿಸ್ ನಂಬರ್ ಬರ್ಕೊಳ್ಳಿ. ಟ್ರಂಕ್ ತಳದಲ್ಲಿ ಡಿಸ್ಚಾರ್ಜ್ ಬುಕ್ ಇದ್ರಂತೂ ಚಿನ್ನ, ಯಾವ ವರ್ಷ ಯಾವ ಯೂನಿಟ್ ಅಂತ ಅಲ್ಲೇ ಸಿಗಬಹುದು. ಇಲ್ಲ ಅಂದ್ರೆ ದೊಡ್ಡಮ್ಮನ ಪೆನ್ಷನ್ ಕಾಗದ ಹಿಡ್ಕೊಂಡು ಸೈನಿಕ ಕಲ್ಯಾಣ ಇಲಾಖೆ ಆಫೀಸಲ್ಲಿ ವಿಚಾರಿಸಿ. ಏರ್‌ಮನ್‌ಗಳ ದಾಖಲೆ ಇರೋದು ದೆಹಲಿ ಸುಬ್ರತೋ ಪಾರ್ಕ್‌ನ ರೆಕಾರ್ಡ್ ಆಫೀಸಲ್ಲಿ, ನಂಬರ್ ಹಾಕಿ ಮನೆಯವರ ಹೆಸರಲ್ಲಿ ಅರ್ಜಿ ಬರೀಬೇಕು. ಸುಬ್ರತೋ ಅಂದ್ರೆ ಸುಬ್ರತೋ ಮುಖರ್ಜಿ, ಕರಾಚೀಲಿ 1ನೇ ಸ್ಕ್ವಾಡ್ರನ್ ಶುರುವಾದಾಗ ಇದ್ದ ಆ ಬೆರಳೆಣಿಕೆ ಆಫೀಸರ್‌ಗಳಲ್ಲಿ ಒಬ್ಬರು, ಮುಂದೆ ಏರ್‌ಫೋರ್ಸಿಗೆ ಮೊದಲ ಭಾರತೀಯ ಚೀಫ್ ಆದವರು.

ಇನ್ನೊಂದು, ಮನೇಲಿ ಹೆಂಗಸರಿಗೆ ಮೊದಲೇ ಹೇಳಿಡಿ, ಆ ಬ್ಯಾಡ್ಜು ಪದಕ ಯಾವುದನ್ನೂ ಹುಣಸೆಹಣ್ಣು ಹಾಕಿ ತಿಕ್ಕೋಕೆ ಹೋಗಬೇಡಿ ಅಂತ. ನಮ್ಮನೇಲಿ ದೀಪಾವಳಿಗೆ ದೀಪದ ಕಂಬದ ಜೊತೆ ನಂದೊಂದು ಪದಕನೂ ತೊಳೆದು ಫಳಫಳ ಮಾಡಿಟ್ಟಿದ್ರು, ಅಂಚಿನ ಮೇಲಿದ್ದ ನನ್ನ ನಂಬರ್ ಅರ್ಧ ಅಳಿಸಿಹೋಗೈತೆ. ಒಣ ಹತ್ತಿ ಬಟ್ಟೇಲಿ ಒರೆಸಿ ಇಡಿ, ಸಾಕು. ರಿಬ್ಬನ್ ಬಣ್ಣ ಕಾಣೋ ಹಂಗೆ ಒಂದು ಫೋಟೋ ಕಳಿಸಿ, ಯಾವ್ಯಾವುದು ಅಂತ ನಾನೇ ಹೇಳ್ತೀನಿ.